ಬೋರ್ ಪಾಯಿಂಟ್ ಯಂತ್ರ, ಸಂಶೋಧಕರ ಪೆಟ್ಟಿಗೆ: ಎರಡೂ ಒಂದೇನಾ?

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕು, ಅಡಿಕೆ ತೋಟ. ಎರಡು ಬೋರ್ ಫೇಲ್ ಆಗಿವೆ. ಮೂರನೆಯದಕ್ಕೆ ಪಾಯಿಂಟ್ ಮಾಡಿಸಲು ಒಬ್ಬರನ್ನು ಕರೆಸಿದ್ದೆ. ತೆಂಗಿನಕಾಯಿ, ಕವೆಗೋಲು ಯಾವುದೂ ಇಲ್ಲ. ಎರಡು ಸರಳು ಊರಿ, ಪುಟ್ಟ ಯಂತ್ರಕ್ಕೆ ವೈರ್ ಕೊಟ್ಟು, ಮೊಬೈಲ್‌ನಲ್ಲಿ ಬಣ್ಣದ ಚಿತ್ರ ತೋರಿಸಿ ‘720 ಅಡಿಗೆ ನೀರಿದೆ’ ಎಂದರು. ಕರೆಂಟ್ ಬಿಡುವುದಿಲ್ಲ, ಭೂಮಿಯ ಸಹಜ ತರಂಗವನ್ನೇ ಅಳೆಯುತ್ತೇವೆ ಎಂದೂ ಹೇಳಿದರು. ಹಿಂದೊಮ್ಮೆ ಪಕ್ಕದ ಹೊಲದಲ್ಲಿ ಸಂಶೋಧಕರು ಗುಂಡಿ ತೋಡಿ, ಉಪ್ಪುನೀರು ಸುರಿದು, ಉದ್ದದ ಕೊಳವೆಯಂಥದ್ದೇನೋ ಹೂತು ರಾತ್ರಿಯಿಡೀ ಬಿಟ್ಟಿದ್ದರು. ಅವರೂ ‘ಸಹಜ ತರಂಗ’ ಎಂದೇ ಹೇಳಿದ್ದರು. ಎರಡೂ ಒಂದೇನಾ? ನಂಬಿ ದುಡ್ಡು ಹಾಕಬಹುದಾ? ಆ ಗುಂಡಿ, ಉಪ್ಪುನೀರಿನಿಂದ ಮಣ್ಣಿಗೆ ತೊಂದರೆ ಇಲ್ಲವೇ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರಿಸಿಬಿಡುತ್ತೇನೆ. ಮಣ್ಣಿಗೆ ಏನೂ ಆಗುವುದಿಲ್ಲ. ಗುಂಡಿಗೊಂದಿಷ್ಟು ಉಪ್ಪುನೀರು, ಜೇಡಿಮಣ್ಣಿನ ಕೆಸರು, ಅದರೊಳಗೆ ಮಡಕೆಯಂಥ ಎಲೆಕ್ಟ್ರೋಡ್, ಅಂದರೆ ನೆಲದ ವೋಲ್ಟೇಜು ಹಿಡಿಯುವ ಸಾಧನ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಕಿತ್ತು ಗುಂಡಿ ಮುಚ್ಚುತ್ತಾರೆ. ಆ ಎಲೆಕ್ಟ್ರೋಡ್‌ನಲ್ಲಿ ಸೀಸದ ಲವಣ ಇರುವುದುಂಟು, ಹಾಗಾಗಿ ಒಡೆದ ಚೂರು ಹೊಲದಲ್ಲಿ ಉಳಿಯದಂತೆ ನೋಡಿಕೊಳ್ಳುವುದು ತಂಡದವರ ಹೊಣೆ. ನೀವೂ ಕೇಳಿ ಖಚಿತಪಡಿಸಿಕೊಳ್ಳಿ.

ಇನ್ನು ಮುಖ್ಯ ಪ್ರಶ್ನೆ. ಎರಡರ ಬೇರು ಒಂದೇ, ಆದರೆ ಎರಡೂ ಒಂದೇ ಅಲ್ಲ. 720 ಅಡಿಯ ಆ ಒಂದು ಮಾತನ್ನು ನಂಬಿ ಬೋರ್ ಲಾರಿ ಕರೆಸಬೇಡಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ಸಾಲ ಮಾಡಿ ಬೋರ್ ಕೊರೆಸುವವರಿಗೆ ಅರ್ಧ ಉತ್ತರ ಕೊಡುವುದು ಸರಿಯಲ್ಲ.

‘ಸಹಜ ತರಂಗ’ ಎಂಬ ಮಾತು ಸುಳ್ಳಲ್ಲ. ಜಗತ್ತಿನಲ್ಲಿ ಪ್ರತಿ ಸೆಕೆಂಡಿಗೆ 40–50 ಮಿಂಚು ಹೊಡೆಯುತ್ತಲೇ ಇರುತ್ತವೆ, ಹೆಚ್ಚಿನವು ಆಫ್ರಿಕಾ, ದಕ್ಷಿಣ ಅಮೆರಿಕ, ಆಗ್ನೇಯ ಏಷ್ಯಾದ ಕಡೆ. ಅವುಗಳಿಂದ ಹೊರಟ ವಿದ್ಯುತ್ಕಾಂತೀಯ ಅಲೆಗಳು ನೆಲಕ್ಕೂ ವಾತಾವರಣದ ಮೇಲ್ಭಾಗದಲ್ಲಿ ವಿದ್ಯುತ್ ಕಣಗಳು ತುಂಬಿರುವ ಅಯಾನುಗೋಳಕ್ಕೂ ನಡುವೆ ಸಿಕ್ಕಿಕೊಂಡು ಭೂಮಿಯನ್ನೇ ಸುತ್ತುತ್ತವೆ. ಹೀಗೆ ಸುತ್ತುವಾಗ ಸುಮಾರು 7.8 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 7.8 ಸಲ ಏರಿಳಿಯುವ, ಒಂದು ಮೊಳಗು ಹುಟ್ಟುತ್ತದೆಂದು ಜರ್ಮನಿಯ ಶೂಮನ್ 1952ರಲ್ಲಿ ಲೆಕ್ಕ ಹಾಕಿ ತೋರಿಸಿದರು. ನಿಮ್ಮ ತೋಟದಲ್ಲೂ ಅದು ಈ ಕ್ಷಣ ಇದೆ. 1 ಹರ್ಟ್ಸ್‌ಗಿಂತ ನಿಧಾನದ ಏರಿಳಿತಗಳು ಮಿಂಚಿನವಲ್ಲ, ಸೂರ್ಯನವು. ಸೂರ್ಯನಿಂದ ಬೀಸಿಬರುವ ಕಣಗಳ ಗಾಳಿ ಭೂಮಿಯ ಕಾಂತಕ್ಷೇತ್ರಕ್ಕೆ ಬಡಿದು ಅದನ್ನು ಅಲುಗಿಸುತ್ತದೆ. 2024ರ ಮೇ 10–11ರ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದ ಚಿತ್ರ ನೋಡಿರಬಹುದು, ಅದು ಈ ಬಡಿತ ಜೋರಾದಾಗಿನ ಕಥೆ. 1859ರ ಸೆಪ್ಟೆಂಬರಿನಲ್ಲಿ ಇದಕ್ಕಿಂತಲೂ ದೊಡ್ಡ ಬಿರುಗಾಳಿ ಬಂದಾಗ ಅಮೆರಿಕದಲ್ಲಿ ಬ್ಯಾಟರಿ ಕಳಚಿಟ್ಟು, ತಂತಿಯಲ್ಲಿ ತಾನಾಗಿ ಹರಿಯುತ್ತಿದ್ದ ಕರೆಂಟಿನಿಂದಲೇ ಟೆಲಿಗ್ರಾಫ್ ಸಂದೇಶ ಕಳಿಸಿದ್ದರು. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲೂ ಅದು ದಾಖಲಾಗಿದೆ.

ಈ ಕಾಂತಕ್ಷೇತ್ರ ಏರಿಳಿದಾಗಲೆಲ್ಲ ನೆಲದೊಳಗೆ ಸಣ್ಣ ಕರೆಂಟ್ ಹುಟ್ಟುತ್ತದೆ. ನೆಲ ಚೆನ್ನಾಗಿ ಕರೆಂಟ್ ಹರಿಸುವಂಥದ್ದಾದರೆ ಒಂದು ರೀತಿ, ಅಡ್ಡಿ ಮಾಡುವಂಥದ್ದಾದರೆ ಇನ್ನೊಂದು ರೀತಿ. ಈ ಅಡ್ಡಿಯ ಅಳತೆಗೆ ರೆಸಿಸ್ಟಿವಿಟಿ ಎನ್ನುತ್ತಾರೆ, ಓಮ್-ಮೀಟರ್‌ನಲ್ಲಿ ಹೇಳುತ್ತಾರೆ. ಒಣ ಗ್ರಾನೈಟ್ ಹತ್ತು ಸಾವಿರ ದಾಟುತ್ತದೆ. ನೀರು ಕುಡಿದ ಶಿಥಿಲ ಬಂಡೆ ಐವತ್ತು, ನೂರು. ಜೇಡಿ ಇನ್ನೂ ಕಡಿಮೆ. ಸಮುದ್ರದ ನೀರು 0.3ರಷ್ಟು.

ಆಳ ಹೇಗೆ ಗೊತ್ತಾಗುತ್ತದೆ? ಜಾತ್ರೆಯ ದಿನ ಬಾಗಿಲು ಹಾಕಿಕೊಂಡು ಕುಳಿತರೆ ಡೊಳ್ಳಿನ ಮಂದ ಸದ್ದು ಗೋಡೆ ದಾಟಿ ಬರುತ್ತದೆ, ತಾಳದ ಚುರುಕು ಸದ್ದು ಹೊರಗೇ ಉಳಿಯುತ್ತದೆ. ಇಲ್ಲೂ ಹಾಗೆಯೇ: ಚುರುಕಾದ ಅಲೆಗಳು ಮೇಲ್ಪದರದಲ್ಲೇ ಸೋತುಹೋಗುತ್ತವೆ, ನಿಧಾನದವು ಆಳಕ್ಕೆ ಇಳಿಯುತ್ತವೆ. ಲೆಕ್ಕವೂ ಸರಳ. ರೆಸಿಸ್ಟಿವಿಟಿಯನ್ನು ಕಂಪನಾಂಕದಿಂದ ಭಾಗಿಸಿ, ವರ್ಗಮೂಲ ತೆಗೆದು, 503ರಿಂದ ಗುಣಿಸಿದರೆ ಅಲೆ ಸುಮಾರು ಎಷ್ಟು ಮೀಟರ್ ಇಳಿಯುತ್ತದೆಂದು ಸಿಗುತ್ತದೆ. 1,000 ಓಮ್-ಮೀಟರ್ ಬಂಡೆಯಲ್ಲಿ 100 ಹರ್ಟ್ಸ್ ಅಲೆ ಒಂದೂವರೆ ಕಿಲೋಮೀಟರ್ ಇಳಿದರೆ, ಹತ್ತು ಸೆಕೆಂಡಿಗೊಮ್ಮೆ ಏರಿಳಿಯುವ ಅಲೆ 50 ಕಿಲೋಮೀಟರ್ ಇಳಿಯುತ್ತದೆ. ಕರ್ನಾಟಕದ ಕೆಳಗಿರುವ ಹಳೆಯ ಧಾರವಾಡ ಭೂಖಂಡದ ಹೊರಪದರವೇ 35ರಿಂದ 50 ಕಿಲೋಮೀಟರ್ ದಪ್ಪ. ಅಂದರೆ ಒಂದು ರಾತ್ರಿಯ ದಾಖಲೆಯಲ್ಲಿ ಅದರ ತಳದವರೆಗಿನ ಸುಳಿವು ಸಿಗಬಹುದು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಈ ಅಲೆಗಳನ್ನು ಕಳಿಸಿದವರು ನಾವಲ್ಲ. ಈ ಹೊತ್ತು ಬಂದ ಅಲೆ ಎಷ್ಟು ಬಲದ್ದು, ಎಲ್ಲಿಯ ಮಿಂಚಿನದ್ದು, ಯಾರಿಗೂ ಗೊತ್ತಿಲ್ಲ. ಮಧ್ಯಾಹ್ನ ಒಂದು ಬಲ, ರಾತ್ರಿ ಇನ್ನೊಂದು ಬಲ. ಬಲವೇ ಗೊತ್ತಿಲ್ಲದ ಅಲೆಯಿಂದ ನೆಲದ ಗುಣ ತಿಳಿಯುವುದು ಹೇಗೆ? ರಷ್ಯಾದ ತಿಖೊನೊವ್ 1950ರಲ್ಲಿ, ಫ್ರಾನ್ಸಿನ ಲೂಯಿ ಕಾನ್ಯಾರ್ 1953ರಲ್ಲಿ ಇದಕ್ಕೆ ದಾರಿ ತೋರಿಸಿದರು. ನೆಲದಲ್ಲಿ ಹುಟ್ಟಿದ ವಿದ್ಯುತ್ ಕ್ಷೇತ್ರವನ್ನೂ ಅದನ್ನು ಹುಟ್ಟಿಸಿದ ಕಾಂತಕ್ಷೇತ್ರವನ್ನೂ ಒಂದೇ ಜಾಗದಲ್ಲಿ, ಒಂದೇ ಕ್ಷಣದಲ್ಲಿ ಅಳೆದು, ಒಂದನ್ನು ಇನ್ನೊಂದರಿಂದ ಭಾಗಿಸಿ. ಅಲೆ ಬಲವಾಗಿದ್ದರೆ ಎರಡೂ ಬಲವಾಗಿರುತ್ತವೆ, ಸೋತಿದ್ದರೆ ಎರಡೂ ಸೋತಿರುತ್ತವೆ. ಭಾಗಿಸಿದಾಗ ಅಲೆಯ ಬಲ ಲೆಕ್ಕದಿಂದ ಬಿದ್ದುಹೋಗುತ್ತದೆ, ಉಳಿಯುವುದು ನೆಲದ ಗುಣ ಮಾತ್ರ. ಮ್ಯಾಗ್ನೆಟೊಟೆಲ್ಯುರಿಕ್ ವಿಧಾನ ಎಂದರೆ ಇದೇ, ಬಾಯಿಮಾತಿನಲ್ಲಿ ಎಂಟಿ. ಇಡೀ ವಿಧಾನ ನಿಂತಿರುವುದು ಆ ಭಾಗಾಕಾರದ ಮೇಲೆ.

ನಿಮ್ಮ ಪಕ್ಕದ ಹೊಲದಲ್ಲಿ ಹೂತದ್ದು ಆ ಕಾಂತಕ್ಷೇತ್ರವನ್ನು ಹಿಡಿಯುವ ಸುರುಳಿ. ಒಂದು ಮೀಟರ್‌ಗೂ ಮಿಕ್ಕಿದ ಕೊಳವೆಯೊಳಗೆ ಸಾವಿರಾರು ಸುತ್ತು ತಾಮ್ರದ ತಂತಿ. ಒಂದನ್ನು ಉತ್ತರ–ದಕ್ಷಿಣಕ್ಕೆ, ಒಂದನ್ನು ಪೂರ್ವ–ಪಶ್ಚಿಮಕ್ಕೆ, ಇನ್ನೊಂದನ್ನು ನೆಟ್ಟಗೆ ಇಡುತ್ತಾರೆ. ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ, ದಿಕ್ಸೂಚಿ ಹಿಡಿದು, ಮಣ್ಣು ಮುಚ್ಚಿ ತುಳಿಯುತ್ತಾರೆ. ಯಾಕೆ ಇಷ್ಟು ಜಾಗ್ರತೆ ಎಂದರೆ, ನಮ್ಮ ಭಾಗದಲ್ಲಿ ಭೂಮಿಯ ಸ್ಥಿರ ಕಾಂತಕ್ಷೇತ್ರ ಸುಮಾರು 40,000 ನ್ಯಾನೊಟೆಸ್ಲಾ, ಶೂಮನ್ ಮೊಳಗು ಅದರ ನಾಲ್ಕು ಕೋಟಿಯಲ್ಲಿ ಒಂದು ಪಾಲಿನಷ್ಟು. ಸುರುಳಿ ಗಾಳಿಗೆ ಕೂದಲೆಳೆಯಷ್ಟು ಅಲುಗಿದರೂ ಸ್ಥಿರ ಕ್ಷೇತ್ರವೇ ಏರಿಳಿದಂತೆ ಕಂಡು ದಾಖಲೆ ಕೆಡುತ್ತದೆ. ಮರದ ಹತ್ತಿರ ಹೂಳದಿರುವುದೂ ಇದಕ್ಕೇ. ಚಿತ್ರದುರ್ಗದ ಗಾಳಿಗೆ ಮರ ತೂಗಿದರೆ ಬೇರು ಮಣ್ಣನ್ನು ಅಲುಗಿಸುತ್ತದೆ. ವಿದ್ಯುತ್ ಕ್ಷೇತ್ರಕ್ಕೆ 50–100 ಮೀಟರ್ ಅಂತರದಲ್ಲಿ ಶಿಲುಬೆಯಾಕಾರಕ್ಕೆ ನಾಲ್ಕು ಎಲೆಕ್ಟ್ರೋಡ್, ನಡುವೆ ಒಂದು. ಕೇಬಲ್ ಗಾಳಿಗೆ ಹಾರದಂತೆ ಅದರ ಮೇಲೆ ಅಲ್ಲಲ್ಲಿ ಮಣ್ಣಿನ ಹೆಂಟೆ.

ಈಗ ನಿಮಗೆ ಪಾಯಿಂಟ್ ಮಾಡಿದವರ ಯಂತ್ರ ನೆನಪಿಸಿಕೊಳ್ಳಿ. ಎರಡು ಸರಳು, ಒಂದು ವೈರ್. ಅಂದರೆ ವಿದ್ಯುತ್ ಕ್ಷೇತ್ರದ ಅಳತೆ ಮಾತ್ರ. ಕಾಂತಕ್ಷೇತ್ರ ಹಿಡಿಯುವ ಸುರುಳಿ ಎಲ್ಲಿದೆ? ಇಲ್ಲ. ಸುರುಳಿ ಇಲ್ಲದಿದ್ದರೆ ಭಾಗಾಕಾರ ಇಲ್ಲ, ಭಾಗಾಕಾರ ಇಲ್ಲದಿದ್ದರೆ ರೆಸಿಸ್ಟಿವಿಟಿಯೂ ಇಲ್ಲ, ಆಳವೂ ಇಲ್ಲ. ಇರುವುದು ಬರೀ ವೋಲ್ಟೇಜು. ಒಂದೇ ಸಾಲಿನಲ್ಲಿ ಹತ್ತು ಹೆಜ್ಜೆಗೊಮ್ಮೆ ಸರಳು ಬದಲಿಸುತ್ತ ಹೋದರೆ ಎಲ್ಲಿ ವೋಲ್ಟೇಜು ಕಡಿಮೆ, ಎಲ್ಲಿ ಜಾಸ್ತಿ ಎಂದು ಹೋಲಿಸಬಹುದು, ಅಷ್ಟರ ಮಟ್ಟಿಗೆ ಅದಕ್ಕೆ ಬೆಲೆ ಇದೆ. ಆದರೆ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅಲೆಯ ಬಲವೇ ಬದಲಾಗಿರಬಹುದು. ಪಕ್ಕದ ತೋಟದ ಮೋಟಾರ್ ಆನ್ ಆಗಿರಬಹುದು. ಸರಳು ಒಂದು ಕಡೆ ಹಸಿ ಮಣ್ಣಿಗೆ, ಇನ್ನೊಂದು ಕಡೆ ಗರಸಿಗೆ ಬಿದ್ದಿರಬಹುದು. ಇವೆಲ್ಲವೂ ಮೊಬೈಲ್‌ನಲ್ಲಿ ಬಣ್ಣವಾಗಿ ಕಾಣುತ್ತವೆ. ಆ ಚಿತ್ರದ ಪಕ್ಕದಲ್ಲಿ ಬರೆದಿರುವ ಅಡಿಗಳ ಲೆಕ್ಕ ಅಳೆದು ಬಂದದ್ದಲ್ಲ; ಕಂಪನಾಂಕಕ್ಕೆ ಇಷ್ಟು ಆಳ ಎಂದು ತಂತ್ರಾಂಶ ಮೊದಲೇ ಊಹಿಸಿಟ್ಟುಕೊಂಡದ್ದು.

ಹಾಗಾದರೆ ಸುರುಳಿಯೂ ಇರುವ ಒಳ್ಳೆಯ ಯಂತ್ರ ತಂದರೆ 720 ಅಡಿಯ ನೀರು ಕಾಣುತ್ತದೆಯೇ ಎಂದು ನೀವು ಕೇಳಬಹುದು. ಅಲ್ಲೂ ಎರಡು ತೊಡಕಿವೆ, ಎರಡೂ ಪ್ರಕೃತಿಯವೇ.

720 ಅಡಿ ಎಂದರೆ 220 ಮೀಟರ್. ಬಂಡೆ 500 ಓಮ್-ಮೀಟರ್ ಇದೆ ಎಂದುಕೊಂಡು ಮೇಲಿನ ಲೆಕ್ಕ ಹಾಕಿ: ಬೇಕಾದ ಅಲೆ ಸುಮಾರು 2,600 ಹರ್ಟ್ಸ್. 1,000 ಓಮ್-ಮೀಟರ್ ಆದರೆ ಸುಮಾರು 5,200. ಪ್ರಕೃತಿಯ ಅಲೆಗಳು ತೀರಾ ಬಡವಾಗಿರುವುದು ಸರಿಯಾಗಿ ಇಲ್ಲೇ. ಮಿಂಚಿನ ಅಲೆಗಳಲ್ಲಿ 1,000ದಿಂದ 5,000 ಹರ್ಟ್ಸ್ ನಡುವಿನವು ದೂರ ಸಾಗಲಾರವು, ದಾರಿಯಲ್ಲೇ ಕರಗುತ್ತವೆ. ಹಗಲಿನಲ್ಲಂತೂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ರಾತ್ರಿ ಸ್ವಲ್ಪ ಮೇಲು. ಭೂಭೌತವಿಜ್ಞಾನಿಗಳು ಈ ಪಟ್ಟಿಯನ್ನು ಡೆಡ್ ಬ್ಯಾಂಡ್ ಎಂದೇ ಕರೆಯುತ್ತಾರೆ. ಇಲ್ಲಿ ನಂಬುವಂಥ ಅಳತೆ ಬೇಕಾದರೆ ಕೆಲವು ಕಿಲೋಮೀಟರ್ ದೂರದಿಂದ ತಾವೇ ನೆಲಕ್ಕೆ ಕರೆಂಟ್ ಬಿಟ್ಟು ಅಲೆ ಹುಟ್ಟಿಸುತ್ತಾರೆ. 1970ರ ದಶಕದಲ್ಲಿ ಹುಟ್ಟಿಕೊಂಡ ಪದ್ಧತಿ ಅದು. ಬೆಳಿಗ್ಗೆ ಹನ್ನೊಂದಕ್ಕೆ ಬಂದು, ಸರಳು ಊರಿ, ಒಂದೆರಡು ನಿಮಿಷದಲ್ಲಿ ‘ಸಹಜ ತರಂಗ’ದಿಂದ 720 ಅಡಿ ಹೇಳಿದರೆ ಅಳೆದದ್ದು ಏನನ್ನು? ಬಹುಮಟ್ಟಿಗೆ ಲೈನಿನ 50 ಹರ್ಟ್ಸ್ ಕರೆಂಟನ್ನೂ ಅದರ ಮರಿಗಳಾದ 150, 250ರ ಅಲೆಗಳನ್ನೂ.

ಎರಡನೆಯ ತೊಡಕು ಬಿರುಕಿನ ಗಾತ್ರ. ನಮ್ಮ ಗಟ್ಟಿಬಂಡೆಯಲ್ಲಿ ಅಷ್ಟು ಆಳದಲ್ಲಿ ನೀರು ಸಿಕ್ಕರೆ ಅದು ಕೆರೆಯಂತೆ ನಿಂತಿರುವುದಿಲ್ಲ. ಬೋರ್‌ನವರು ಗ್ಯಾಪ್ ಎನ್ನುತ್ತಾರಲ್ಲ, ಅಂಥ ಒಂದು ಸೀಳಿನಲ್ಲಿ ಇರುತ್ತದೆ. 10 ಸೆಂಟಿಮೀಟರಿನ ಅಡ್ಡ ಸೀಳು, ಅದರಲ್ಲಿ 20 ಓಮ್-ಮೀಟರ್ ನೀರು ತುಂಬಿದೆ ಎಂದಿಟ್ಟುಕೊಳ್ಳಿ. ದಪ್ಪವನ್ನು ರೆಸಿಸ್ಟಿವಿಟಿಯಿಂದ ಭಾಗಿಸಿದರೆ ಕರೆಂಟ್ ಹರಿಸುವ ಅದರ ಶಕ್ತಿ ಬರುತ್ತದೆ: 0.005 ಸೀಮೆನ್ಸ್. ಅದರ ಮೇಲಿರುವ 20 ಮೀಟರ್ ಶಿಥಿಲ ಪದರ, 50 ಓಮ್-ಮೀಟರ್‌ನದ್ದು, ಅದೊಂದೇ 0.4. ಆ ಪದರದಿಂದ ಸೀಳಿನವರೆಗಿನ 200 ಮೀಟರ್ ಬಂಡೆ, 500ರದ್ದು, ಮತ್ತೊಂದು 0.4. ಒಟ್ಟು 0.8ರ ಅಡಿಯಲ್ಲಿ 0.005. ನೂರರವತ್ತರಲ್ಲಿ ಒಂದು ಪಾಲನ್ನು ಮೇಲಿನಿಂದ ಗುರುತಿಸುವ ಯಂತ್ರ ಯಾರ ಹತ್ತಿರವೂ ಇಲ್ಲ. ಹತ್ತಾರು ಮೀಟರ್ ಅಗಲಕ್ಕೆ ಒಡೆದು ಪುಡಿಯಾದ ವಲಯ ಇದ್ದರೆ ಮಾತು ಬೇರೆ. ಅದನ್ನು ಗುರುತಿಸಬಹುದು, ಅದು ಹಾದುಹೋಗುವ ದಿಕ್ಕನ್ನೂ ಹೇಳಬಹುದು.

ಗುರುತಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಚಿತ್ರದುರ್ಗದವರು ಇದನ್ನು ಬೇರೆಯವರಿಗಿಂತ ಹೆಚ್ಚು ತಿಳಿದುಕೊಂಡಿರಬೇಕು. ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಹೇಳುವುದು ಇಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ ಎಂದಷ್ಟೇ. ನೀರು ಎಂದು ಅದು ಹೇಳುವುದಿಲ್ಲ. ಕರೆಂಟ್ ಹರಿಸುವುದು ನೀರೊಂದೇ ಅಲ್ಲ. ನೀವಿರುವುದು ಚಿತ್ರದುರ್ಗ ಪದರಶಿಲೆಯ ಪಟ್ಟಿಯಲ್ಲಿ. ಉತ್ತರದ ಗದಗದಿಂದ ದಕ್ಷಿಣಕ್ಕೆ ಶ್ರೀರಂಗಪಟ್ಟಣದ ಕಡೆಯವರೆಗೆ ಹಬ್ಬಿರುವ, 250 ಕೋಟಿ ವರ್ಷಕ್ಕೂ ಹಳೆಯ ಕಲ್ಲುಗಳ ಪಟ್ಟಿ ಅದು. ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಇದೆಯಲ್ಲ, ನೀರಿನಡಿಯಲ್ಲಿ ಉಕ್ಕಿ ಹೆಪ್ಪುಗಟ್ಟಿದ್ದು, ಅದೂ ಇದೇ ಪಟ್ಟಿಯದು. ಇಂಗಳದಾಳದಲ್ಲಿ ತಾಮ್ರದ ಗಣಿ ನಡೆದದ್ದು ಈ ಪಟ್ಟಿಯ ಗಂಧಕಯುಕ್ತ ಅದಿರಿನಿಂದ. ಇಂಥ ಅದಿರು, ಪದರಶಿಲೆಯ ನಡುವೆ ಬರುವ ಕರಿ ಗ್ರಾಫೈಟ್, ಇವು ನಿಮ್ಮ ಬೋರ್ ನೀರಿಗಿಂತ ಹತ್ತಾರು, ನೂರಾರು ಪಟ್ಟು ಚೆನ್ನಾಗಿ ಕರೆಂಟ್ ಹರಿಸುತ್ತವೆ. ಯಂತ್ರದ ಪರದೆಯಲ್ಲಿ ಅವೂ ‘ನೀರಿನ’ ಬಣ್ಣದಲ್ಲೇ ಕಾಣುತ್ತವೆ. ಜೇಡಿಯೂ ಅಷ್ಟೇ, ಅದರಲ್ಲಿ ನೀರಿದ್ದರೂ ಬಿಟ್ಟುಕೊಡುವುದಿಲ್ಲ. ಬಣ್ಣಕ್ಕಂತೂ ಯಾವ ಅರ್ಥವೂ ಇಲ್ಲ. ಕರೆಂಟ್ ಚೆನ್ನಾಗಿ ಹರಿಸುವ ಜಾಗಕ್ಕೆ ಎಂಟಿ ನಕ್ಷೆಗಳಲ್ಲಿ ಸಾಮಾನ್ಯವಾಗಿ ಕೆಂಪು ಕೊಡುತ್ತಾರೆ, ಮಾರಾಟದ ಯಂತ್ರಗಳು ಅದಕ್ಕೇ ನೀಲಿ ಬಳಿಯುತ್ತವೆ. ನೀಲಿ ನೋಡಿದ ರೈತ ನೀರು ಎಂದುಕೊಳ್ಳುವುದು ಸಹಜ. ಇದು ನನಗೆ ನಿಜಕ್ಕೂ ನೋವು ತರುವ ವಿಷಯ.

ಸಂಶೋಧಕರು ಹಾಗಾದರೆ ಇಲ್ಲಿ ಹುಡುಕುವುದೇನನ್ನು? ನಿಮ್ಮ ಬೋರ್ ನೀರನ್ನಲ್ಲ. ಕರ್ನಾಟಕದ ಕೆಳಗಿನ ಈ ಹಳೆಯ ಭೂಖಂಡಕ್ಕೆ ಪಶ್ಚಿಮದ ತುಂಡು, ಪೂರ್ವದ ತುಂಡು ಎಂದು ಎರಡು ಭಾಗ. ಗಡಿ ಚಿತ್ರದುರ್ಗ ಪಟ್ಟಿಯ ಪೂರ್ವದ ಅಂಚಿನಲ್ಲಿ ಹಾದುಹೋಗುತ್ತದೆ. ಭಾರತೀಯ ಭೂಕಾಂತತ್ವ ಸಂಸ್ಥೆಯ ವಿಜ್ಞಾನಿಗಳು ಎಂಟಿ ಅಳತೆಗಳಿಂದ, ಚಿತ್ರದುರ್ಗ–ಗದಗ ಪಟ್ಟಿಯ ಉದ್ದಕ್ಕೂ ಎರಡು ಪ್ರಾಚೀನ ಭೂತುಂಡುಗಳು ಬೆಸೆದುಕೊಂಡ ಗುರುತು ಇದೆ ಎಂದು 2004ರಲ್ಲಿ ಪ್ರಕಟಿಸಿದರು. ಕೋಟೆಯ ಕೆಳಗಿನ ನೆಲ ಒಂದು ಕಾಲಕ್ಕೆ ಎರಡು ನೆಲವಾಗಿತ್ತು ಎಂಬ ಮಾತಿಗೆ ಆಧಾರ ಸಿಕ್ಕಿದ್ದು ಹೀಗೆ ಹೊಲಗಳಲ್ಲಿ ಸುರುಳಿ ಹೂತು ಕಾದದ್ದರಿಂದ. ಖನಿಜ ಎಲ್ಲಿದ್ದೀತು, ಲಡಾಖ್‌ನ ಪುಗಾದಲ್ಲಿ ಬಿಸಿನೀರಿನ ಬುಗ್ಗೆಗಳ ಕೆಳಗೆ ಶಾಖ ಎಷ್ಟು ಆಳದಿಂದ ಬರುತ್ತದೆ, ಹಿಮಾಲಯದ ಬುಡದಲ್ಲಿ ಏನಿದೆ, ಇಂಥ ಪ್ರಶ್ನೆಗಳಿಗೆ ಎಂಟಿ ಬಹಳ ದೊಡ್ಡ ಸಾಧನ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ದಶಕಗಳಿಂದ ಈ ಕೆಲಸ ಮಾಡುತ್ತಿದೆ.

ಅವರು ನಿಮ್ಮ ಊರಿಗೆ ಮತ್ತೆ ಬಂದರೆ ದಯವಿಟ್ಟು ಜಾಗ ಕೊಡಿ, ಸಾಧ್ಯವಾದರೆ ಒಂದು ರಾತ್ರಿ ಐಪಿ ಸೆಟ್ ನಿಲ್ಲಿಸಿ. ಹಂದಿ ಕಾಟಕ್ಕೆ ಹಾಕಿದ ಸೋಲಾರ್ ಬೇಲಿ ಇದ್ದರೆ ಮೊದಲೇ ಹೇಳಿ. ಆ ಬೇಲಿ ಸುಮಾರು ಸೆಕೆಂಡಿಗೊಮ್ಮೆ ಟಕ್ ಎಂದು ಹೊಡೆಯುತ್ತದೆ. 1 ಹರ್ಟ್ಸ್ ಆಸುಪಾಸಿನಲ್ಲಿ ಪ್ರಕೃತಿಯ ಅಲೆ ಮೊದಲೇ ಬಡವಾಗಿರುವುದರಿಂದ ಇಡೀ ರಾತ್ರಿಯ ದಾಖಲೆ ಬೇಲಿಯದ್ದೇ ಆಗಿಬಿಡುತ್ತದೆ. ಹೈಟೆನ್ಷನ್ ಲೈನು, ಗಾಳಿಯಂತ್ರಗಳು, ವಿದ್ಯುತ್ ರೈಲು ಮಾರ್ಗ ಎಲ್ಲವೂ ಕಾಟವೇ. ಹಿಂದೆ ಮುಂಬಯಿಗೆ ವಿದ್ಯುತ್ ಟ್ರಾಮ್ ಬರುತ್ತದೆಂದು ಕೊಲಾಬಾದ ಕಾಂತ ವೀಕ್ಷಣಾಲಯವನ್ನೇ ಅಲಿಬಾಗ್‌ಗೆ ಸಾಗಿಸಬೇಕಾಯಿತು, 1904ರಿಂದ ಅದು ಅಲ್ಲಿಯೇ ಇದೆ. ಈಗ ಸಾಗಿಸಿಕೊಂಡು ಹೋಗಲು ಕರೆಂಟಿಲ್ಲದ ಊರೇ ಉಳಿದಿಲ್ಲ. ಅದಕ್ಕೇ ಸಂಶೋಧಕರು ಹತ್ತಾರು ಕಿಲೋಮೀಟರ್ ದೂರದಲ್ಲಿ ಇನ್ನೊಂದು ಪೆಟ್ಟಿಗೆ ಇಟ್ಟು, ಎರಡೂ ಕಡೆ ಒಟ್ಟಿಗೆ ಬಂದ ಅಲೆಯನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತಾರೆ. ಸೂರ್ಯನ ಅಲೆ ಎರಡೂ ಕಡೆ ಬರುತ್ತದೆ, ನಿಮ್ಮ ಮೋಟಾರಿನದ್ದು ಒಂದೇ ಕಡೆ. 1970ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ರೂಪುಗೊಂಡ ಈ ಉಪಾಯವೇ ಎಂಟಿಯನ್ನು ಜನವಸತಿ ಇರುವ ಕಡೆಯೂ ನಂಬುವಂತೆ ಮಾಡಿದ್ದು.

ನಿಮ್ಮ ಮೂರನೆಯ ಬೋರ್ ವಿಷಯ. ಗಟ್ಟಿಬಂಡೆ ನಾಡಿನಲ್ಲಿ ನೀರು ಹೆಚ್ಚಾಗಿ ಇರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗೆ ಮೊದಲ ನೂರು ಮೀಟರ್ ಆಸುಪಾಸಿನ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ವಿರಳ. ಆಳದಲ್ಲಿ ಸಿಕ್ಕವರೂ ಇದ್ದಾರೆ, ಆದರೆ ಅದರ ಮೇಲೆ ಲೆಕ್ಕ ಕಟ್ಟಬಾರದು. ಈ ಆಳಕ್ಕೆ ಸರಿಹೋಗುವುದು ಹಳೆಯ ರೆಸಿಸ್ಟಿವಿಟಿ ಸರ್ವೆ: ನಾಲ್ಕು ಸರಳು, ಎರಡರಿಂದ ಗೊತ್ತಿರುವ ಕರೆಂಟ್ ಬಿಟ್ಟು ಇನ್ನೆರಡರಿಂದ ವೋಲ್ಟೇಜು ಅಳೆಯುವುದು. ಇಲ್ಲಿ ಬಿಟ್ಟ ಕರೆಂಟ್ ಎಷ್ಟೆಂದು ನಮಗೆ ಗೊತ್ತಿರುವುದರಿಂದ ಭಾಗಾಕಾರ ಸರಿಯಾಗಿ ಆಗುತ್ತದೆ. ಇದೂ ಇಂಚು ಲೆಕ್ಕದಲ್ಲಿ ನೀರು ಹೇಳುವುದಿಲ್ಲ. ಶಿಥಿಲ ಪದರ ಎಲ್ಲಿ ದಪ್ಪ, ಬಂಡೆಯನ್ನು ಸೀಳಿ ಗೋಡೆಯಂತೆ ನಿಂತ ಕರಿಕಲ್ಲಿನ ಡೈಕ್ ಎಲ್ಲಿ ಅಡ್ಡ ಬಂದಿದೆ ಎಂಬುದನ್ನು ಹೇಳಬಲ್ಲದು. ಡೈಕ್ ನೆಲದೊಳಗೆ ಒಡ್ಡಿನಂತೆ ನಿಂತು ನೀರು ತಡೆಯುವುದುಂಟು, ಆಗ ಅದರ ಯಾವ ಮಗ್ಗುಲಲ್ಲಿ ಕೊರೆಯುತ್ತೀರಿ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಜಿಲ್ಲೆಯ ಅಂತರ್ಜಲ ಕಚೇರಿಯ ಭೂವಿಜ್ಞಾನಿಯನ್ನು ಕಾಣಿ. ಬರಿಗೈಯಲ್ಲಿ ಹೋಗಬೇಡಿ. ಫೇಲ್ ಆದ ಎರಡೂ ಬೋರ್‌ಗಳ ಲೆಕ್ಕ, ಸುತ್ತಲಿನ ತೋಟಗಳ ಬೋರ್‌ಗಳ ಲೆಕ್ಕ ಬರೆದುಕೊಂಡು ಹೋಗಿ: ಕೇಸಿಂಗ್ ಎಷ್ಟು ಅಡಿಗೆ ನಿಂತಿತು, ಪುಡಿ ಎಷ್ಟನೇ ಅಡಿಯಲ್ಲಿ ಹಸಿಯಾಯಿತು, ಎಲ್ಲಿ ಬಣ್ಣ ಬದಲಾಯಿತು, ಗ್ಯಾಪ್ ಸಿಕ್ಕಿದ್ದರೆ ಎಲ್ಲಿ. ಲಾರಿಯವರು ಬರೆದುಕೊಡದಿದ್ದರೂ ಅಂದು ಪಕ್ಕದಲ್ಲಿ ನಿಂತಿದ್ದವರಿಗೆ ನೆನಪಿರುತ್ತದೆ, ಕೇಳಿ. ಕೈಗೆ ಮೆತ್ತಿದರೆ ಪೆನ್ಸಿಲ್ ಸೀಸದಂತೆ ಹೊಳೆಯುವ ಕರಿ ಪುಡಿ ಎಲ್ಲಾದರೂ ಬಂದಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ. ಅದು ಗ್ರಾಫೈಟ್ ಆಗಿದ್ದರೆ, ನಿಮ್ಮ ತೋಟದಲ್ಲಿ ಯಾವ ವಿದ್ಯುತ್ ಸರ್ವೆ ಮಾಡಿದರೂ ಅದನ್ನು ಓದುವ ರೀತಿಯನ್ನೇ ಅವರು ಬದಲಿಸಬೇಕಾಗುತ್ತದೆ.